ಕಡಾಣಿ ಕಿತ್ತ ದಿಬ್ಬ

ಬೆಣಚಿನಹಾಳದಿಂದ ಗುಳಗಟ್ಟಿಗೆ ಹೋಗುವ ದಾರಿಯಲ್ಲಿ, ಎರಡೂ ಊರುಗಳ ಗಡಿ ಕೂಡುವ ಕಡೆ, ಒಂದು ಸಣ್ಣ ದಿಬ್ಬವಿದೆ. ಸುತ್ತಲೂ ಕಣ್ಣು ಹಾಯುವಷ್ಟು ದೂರ ಎರೆಭೂಮಿ. ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಕುಸುಬೆ ಬೆಳೆಯುತ್ತಾರೆ. ಅದರ ನಡುವೆ ಈ ದಿಬ್ಬದ ತುಂಡು ಹೊಲಕ್ಕೆ ಮಾತ್ರ ನೇಗಿಲು ತಾಗಿದ್ದನ್ನು ಕಂಡವರಿಲ್ಲ. ಅಲ್ಲಿ ತುಂಬೆ, ನೆಲಬೇವು, ಆಡುಸೋಗೆ ತಮ್ಮ ಪಾಡಿಗೆ ತಾವು ಬೆಳೆದುಕೊಂಡಿವೆ. ಈಚೆಗೆ ಎರಡೂ ಬದಿಗೆ ಗಾಳಿಯಂತ್ರಗಳು ಎದ್ದಿವೆ, ಡಾಂಬರು ರಸ್ತೆಯೂ ಬಂದಿದೆ. ನೇರ ಬಂದ ರಸ್ತೆ ದಿಬ್ಬದ ಹತ್ತಿರ ಸುಮ್ಮನೆ ಸುತ್ತು ಹಾಕಿ ಹೋಗುತ್ತದೆ, ಹೊಸದಾಗಿ ಬಂದ ಲಾರಿಯವರು ಆ ತಿರುವಿಗೆ ಬಾಯಿಗೆ ಬಂದಂತೆ ಬೈಯುತ್ತಾರೆ. ದಿಬ್ಬದ ಮೇಲೊಂದು ಬೇವಿನ ಮರ, ಮರದ ಬುಡದಲ್ಲಿ ಕಲ್ಲಿನ ಪುಟ್ಟ ಬಂಡಿ. ಬಂಡಿಯ ಒಂದು ಗಾಲಿ ಕಳಚಿ ಪಕ್ಕದಲ್ಲಿ ಬಿದ್ದಿದೆ. ಯಾರೋ ಕಿಡಿಗೇಡಿಗಳ ಕೆಲಸವೆಂದು ತಿಳಿದು, ಗಾಲಿಯನ್ನು ಎತ್ತಿ ಕೂಡಿಸಲು ಹೋಗುವ ಪುಣ್ಯಾತ್ಮರೂ ಇದ್ದಾರೆ. ಆಗ ದಿಬ್ಬದ ಕೆಳಗಿನ ಮನೆಯಿಂದ ಯಾರಾದರೊಬ್ಬರು ಓಡಿಬಂದು ಕೈ ಹಿಡಿಯುತ್ತಾರೆ. ಗಾಲಿ ಬಿದ್ದದ್ದಲ್ಲ, ಹಾಗೆಯೇ ಇಟ್ಟದ್ದು.

ಕಡಾಣಿ ಎಂದರೆ ಗಾಲಿ ಅಚ್ಚಿನಿಂದ ಕಳಚದಂತೆ ತುದಿಗೆ ತೂರಿಸುವ ಕಬ್ಬಿಣದ ಕೀಲು. ಈ ದಿಬ್ಬಕ್ಕೆ ಕಡಾಣಿ ಕಿತ್ತ ದಿಬ್ಬ ಎಂಬ ಹೆಸರು ಬಂದದ್ದು ನೀಲವ್ವನೆಂಬ ಹೆಂಗಸಿನಿಂದ. ಕೆಳಗಿನ ಮನೆಯವರು ಅವಳ ವಂಶದವರು, ಊರವರ ಬಾಯಲ್ಲಿ 'ಮದ್ದಿನವರು'. ಈ ಕಥೆಯನ್ನು ನಾನು ಹಲವರ ಬಾಯಿಂದ ಕೇಳಿದ್ದೇನೆ. ಕೆಲವರು ಉಪ್ಪುಖಾರ ಹಚ್ಚಿ, ನೀಲವ್ವ ದೇವಿಯ ಜಡೆ ಹಿಡಿದು ನಿಲ್ಲಿಸಿದಳು, ಆಕಾಶದಲ್ಲಿ ಬೆಂಕಿ ಕಂಡಿತು ಎಂದೆಲ್ಲ ಹೇಳುತ್ತಾರೆ. ಜಡೆಯೂ ಇಲ್ಲ, ಬೆಂಕಿಯೂ ಇಲ್ಲ. ನಡೆದದ್ದೇ ಬೇಕಾದಷ್ಟಿದೆ, ಅದಕ್ಕೆ ಒಗ್ಗರಣೆ ಬೇಕಿಲ್ಲ.

ಹಿಂದೆ ಒಮ್ಮೆ, ಸಿಡುಬಿಗೆ ಸೂಜಿ ಚುಚ್ಚುವುದು ಈ ಸೀಮೆಗೆ ಇನ್ನೂ ಬಾರದ ಕಾಲದಲ್ಲಿ, ಬೆಣಚಿನಹಾಳಕ್ಕೆ ಅಮ್ಮ ಬಂದಳು. ಸಿಡುಬೆಂದು ಆಗ ಯಾರೂ ಅನ್ನುತ್ತಿರಲಿಲ್ಲ. ಬಂದವಳು ದೇವಿ, ಅವಳಿಗೆ ಸಿಟ್ಟು ಬಾರದ ಹಾಗೆ ಕಳಿಸಿಕೊಡಬೇಕು ಎಂಬುದು ನಂಬಿಕೆ. ಕಳಿಸುವ ರೀತಿ ಹೀಗೆ: ಬೇವಿನ ಕಟ್ಟಿಗೆಯ ಪುಟ್ಟ ಬಂಡಿ ಮಾಡಿ, ದೇವಿಯನ್ನು ಕೂರಿಸಿ, ಉಡಿ ತುಂಬಿ, ಊರ ಗಡಿಯಾಚೆ ಎಳೆದು ಬಿಟ್ಟು ಹಿಂದೆ ನೋಡದೆ ಬರಬೇಕು. ಸಾವಾದ ಮನೆಯವರು ಸತ್ತವರದೊಂದು ವಸ್ತುವನ್ನು, ಬಳೆಯನ್ನೋ ಅಂಗಿಯನ್ನೋ, ಬಂಡಿಗೆ ಕಟ್ಟುತ್ತಿದ್ದರು. ದುಃಖವೂ ಅವಳ ಜೊತೆಗೇ ಹೋಗಲಿ ಎಂದು. ಮುಂದಿನ ಊರವರು ಗಡಿಯಲ್ಲಿ ಬಂಡಿ ಕಂಡರೆ ತಮ್ಮ ಗಡಿಯಾಚೆ ಎಳೆದು ಬಿಡುತ್ತಿದ್ದರು, ಅದರ ಮುಂದಿನವರು ಅದರಾಚೆ. ಕೊನೆಗೆ ಅದು ಎಲ್ಲಿ ಮುಟ್ಟುತ್ತದೆ ಎಂದು ಕೇಳುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಬೆಣಚಿನಹಾಳದಲ್ಲಿ ಬಂಡಿಗೆ ಕಡಾಣಿ ಹಾಕುವ ಹಕ್ಕು ಮದ್ದಿನವರದು. ಊರಿಗೆ ಮದ್ದು ಕೊಡುವವಳು ನೀಲವ್ವ, ಆದ್ದರಿಂದ ದೇವಿಯನ್ನು ಬೀಳ್ಕೊಡುವವಳೂ ಅವಳೇ. ತನ್ನ ಮನೆಯ ಹಳೆಯ ಕುಡುಗೋಲನ್ನು ಕಾಸಿಸಿ ಕಡಾಣಿ ಮಾಡಿಸಿ, ಅದಕ್ಕೆ ಕುಂಕುಮ ಹಚ್ಚಿ, ಅಚ್ಚಿಗೆ ತೂರಿಸಿ, ಬಂಡಿಯನ್ನು ಬಡಗಣ ಗಡಿಯಾಚೆ ಕಳಿಸಿಕೊಟ್ಟಳು. ಊರಲ್ಲಿ ಬೇನೆ ಇಳಿಯಿತು. ಜನ ನಿಟ್ಟುಸಿರು ಬಿಟ್ಟು, ನೀಲವ್ವನ ಕೈಗುಣ ದೊಡ್ಡದು ಎಂದರು.

ಆ ಬೇಸಿಗೆಯಲ್ಲಿ ಊರೂರಿನ ದಾರಿಗೆ ಮುಳ್ಳುಬೇಲಿ ಬಿದ್ದಿತ್ತು. ಯಾರೂ ಯಾರ ಊರಿಗೂ ಹೋಗುವಂತಿಲ್ಲ, ಸುದ್ದಿಯೂ ಇಲ್ಲ. ನೀಲವ್ವನ ಒಬ್ಬಳೇ ಮಗಳು ಶಿವಗಂಗೆಯನ್ನು ಬಡಗಣ ಸೀಮೆಯ ಒಂದು ಊರಿಗೆ ಕೊಟ್ಟಿದ್ದರು. ಚೊಚ್ಚಲ ಬಾಣಂತನ ಮುಗಿಸಿಕೊಂಡು ಕೂಸಿನೊಡನೆ ಗಂಡನ ಮನೆಗೆ ಹೋಗಿ ಹೆಚ್ಚು ದಿನವಾಗಿರಲಿಲ್ಲ. ಮಳೆ ಬಿದ್ದು ದಾರಿ ತೆರೆದರೆ ಕೂಸನ್ನು ನೋಡಿ ಬರಬೇಕೆಂದು ನೀಲವ್ವ ದಿನವೂ ಅನ್ನುತ್ತಿದ್ದಳಂತೆ. ಮಳೆ ಬೀಳುವ ಮೊದಲೇ ಒಂದು ಬೆಳಿಗ್ಗೆ, ಊರ ಇನ್ನೊಂದು ಗಡಿಯಲ್ಲಿ ಬಂಡಿಯೊಂದು ನಿಂತಿದೆ ಎಂದು ದನ ಕಾಯುವವರು ಓಡಿಬಂದರು. ಯಾವುದೋ ಊರು ಕಳಿಸಿದ ಬಂಡಿ ಎಂದುಕೊಂಡು ಊರವರು ರೂಢಿಯಂತೆ ಅದನ್ನು ಎಳೆದುಕೊಂಡು ಬಂದು ಗುಳಗಟ್ಟಿಯ ಗಡಿಯ ಈ ದಿಬ್ಬಕ್ಕೆ ತಂದರು. ದಿಬ್ಬ ನೀಲವ್ವನದೇ, ಅವಳು ಮದ್ದಿನ ಗಿಡ ಬೆಳೆಸುವ ಜಾಗ. ಕಡಾಣಿ ಬಿಗಿ ಮಾಡಿ ಆಚೆ ದಾಟಿಸಲು ಅವಳನ್ನೇ ಕರೆದರು.

ನೀಲವ್ವ ಬಗ್ಗಿ ಕಡಾಣಿಗೆ ಕೈ ಹಾಕಿದವಳು ಹಾಗೇ ನಿಂತಳು. ಅದು ಅವಳ ಮನೆಯ ಕುಡುಗೋಲಿನ ಕಬ್ಬಿಣ. ಅವಳೇ ಕಳಿಸಿದ ಬಂಡಿ ಸೀಮೆಯನ್ನೆಲ್ಲ ಸುತ್ತಿ ಅವಳ ಬಾಗಿಲಿಗೇ ಬಂದಿತ್ತು. ಬಂಡಿಯ ತುಂಬ ಊರೂರಿನವರು ಕಟ್ಟಿದ ಬಳೆ, ಅಂಗಿ, ಉಡಿದಾರ. ಆ ರಾಶಿಯೊಳಗೆ ಒಂದು ಕುಂಚಿಗೆ, ಕೂಸಿನ ತಲೆಗೂ ಬೆನ್ನಿಗೂ ಹೊದಿಸುವಂಥದ್ದು. ತನ್ನ ಇಳಕಲ್ ಸೀರೆಯ ಸೆರಗು ಹರಿದು, ಅಂಚಿಗೆ ಕೆಂಪು ಮಣಿ ಕೂಡಿಸಿ, ಮೊಮ್ಮಗನಿಗೆಂದು ಅವಳು ಕೈಯಾರೆ ಹೊಲಿದ ಕುಂಚಿಗೆ ಅದು. ಮಗಳ ಮನೆಯ ಸುದ್ದಿ ಅವಳಿಗೆ ಮುಟ್ಟಿದ್ದು ಹೀಗೆ. ಅವಳು ಅಳಲಿಲ್ಲ ಎನ್ನುತ್ತಾರೆ. ಕಡಾಣಿಯನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗಾಲಿ ಕಳಚಿ ಉರುಳಿತು, ಬಂಡಿ ಒಂದು ಕಡೆ ಕುಸಿದು ಕೂತಿತು.

"ನಾನ ಕಳಿಸಿದ ಬಂಡಿ ನನ್ನ ಮಗಳ ಮನಿ ಹೊಕ್ಕು ಬಂದೈತಿ" ಎಂದಳು. "ಇನ್ನ ಮುಂದ ಹೋಗೂದಿಲ್ಲ. ನನ್ನ ಹೊಲದಾಗ ಇರ್ಲಿ."

ಊರ ಗೌಡ ಕೆಟ್ಟವನಲ್ಲ, ಹೆದರಿದ್ದ. ಗಡಿಯೊಳಗೆ ನಿಂತ ದೇವಿ ಊರನ್ನು ಉಳಿಸುತ್ತಾಳೆಯೇ ಎಂದು ಕೇಳಿದ. ಮುಂದಿನ ಊರಲ್ಲೂ ಮಕ್ಕಳಿದ್ದಾರೆ ಎಂದಷ್ಟೇ ನೀಲವ್ವ ಹೇಳಿದಳು. ಆಮೇಲೆ ದಿಬ್ಬದ ಮೇಲೆ ಚಪ್ಪರ ಹಾಕಿಸಿ, ಬೇನೆ ಬಿದ್ದವರನ್ನು ಅಲ್ಲಿಗೇ ತರಿಸಿಕೊಂಡಳು. ಅವಳ ಮಗ ಸೋಮಪ್ಪ ನೀರು ಹೊತ್ತ, ಸತ್ತವರಿಗೆ ಕುಣಿ ತೋಡಿದ. ಬೇನೆ ಮತ್ತೆ ಬಂತು, ಮೊದಲಿಗಿಂತ ಜೋರಾಗಿಯೇ ಬಂತು. ಸತ್ತವರ ಬಟ್ಟೆ ಮುಟ್ಟಿ ಎಳೆದದ್ದರಿಂದ ಹಾಗಾಯಿತು ಎಂದು ಈಗಿನವರು ಸುಲಭವಾಗಿ ಹೇಳಿಬಿಡುತ್ತಾರೆ. ಆಗ ಅದು ಯಾರಿಗೂ ತಿಳಿದಿರಲಿಲ್ಲ, ನೀಲವ್ವನಿಗೂ ತಿಳಿದಿರಲಿಲ್ಲ. ಊರವರು ಅವಳಿಗೆ ಇಡೀ ಊರು ಕೇಳುವಂತೆ ಶಾಪ ಹಾಕಿದರು, ತಮ್ಮ ಮಕ್ಕಳನ್ನು ಮಾತ್ರ ಅವಳ ಚಪ್ಪರಕ್ಕೇ ತಂದು ಮಲಗಿಸಿದರು. ಕೆಲವರನ್ನು ಉಳಿಸಿಕೊಂಡಳು, ಹಲವರನ್ನು ಉಳಿಸಲಾಗಲಿಲ್ಲ. ಕೊನೆಗೆ ಅವಳೇ ಚಾಪೆ ಹಿಡಿದಳು. ಸಾಯುವ ಮುಂಚೆ ಕಡಾಣಿಯನ್ನು ಮಗನಿಗೆ ಕೊಡಲಿಲ್ಲ. ಮಗನ ಕರುಳು ಎಷ್ಟು ಮೆತ್ತಗೆಂದು ಅವಳಿಗೆ ಗೊತ್ತಿತ್ತು. ಸೊಸೆ ಫಕೀರವ್ವನನ್ನು ಕರೆದು ಅವಳ ಕೈಗಿಟ್ಟಳು. ಇದನ್ನು ಯಾವ ಬಂಡಿಗೂ ಹಾಕಬೇಡ, ಈ ಹೊಲವನ್ನು ಉಳಬೇಡ, ಇಲ್ಲಿಗೆ ಬಂದ ಬೇನೆಯವರನ್ನು ಹಿಂದೆ ಕಳಿಸಬೇಡ ಎಂದಳು.

ನೀಲವ್ವನನ್ನು ಮಣ್ಣು ಮಾಡಿ ಬಂದ ಮೇಲೆ ಫಕೀರವ್ವನ ಕೂಸಿನ ಮೈ ಕೆಂಡವಾಯಿತು. ಇದೇ ಸಮಯವೆಂದು ಊರವರು ಗೌಡನನ್ನು ಮುಂದೆ ಮಾಡಿಕೊಂಡು ದಿಬ್ಬಕ್ಕೆ ಬಂದರು. ಕಡಾಣಿ ಕೊಡಿ, ಬಂಡಿ ಗಡಿ ದಾಟಲಿ, ನಿಮ್ಮ ಕೂಸೂ ಬದುಕುತ್ತದೆ ಎಂದು ಬೇಡಿಕೊಂಡರು. ಸೋಮಪ್ಪ ಕೂಸಿನ ಮುಖ ನೋಡಿದ, ಹೆಂಡತಿಯ ಮುಂದೆ ಕೈಚಾಚಿ ನಿಂತ. ಕುಣಿ ತೋಡಿ ತೋಡಿ ಅಂಗೈ ಸುಲಿದುಹೋಗಿತ್ತು. ಒಂದೇ ಒಂದು ಸಲ ದಾಟಿಸಿಬಿಡೋಣ ಎಂದು ಅವನೂ ಅತ್ತ. ಫಕೀರವ್ವ ಗುಳಗಟ್ಟಿಯ ಮಗಳು. ಬಂಡಿ ದಾಟಿದರೆ ಮೊದಲು ಹೋಗುವುದು ಅವಳ ತವರಿಗೆ. ಗುಂಪಿನಲ್ಲಿದ್ದವನೊಬ್ಬ ಅದನ್ನೇ ಹಿಡಿದು, ಇವಳು ತವರು ಕಾಯಲು ನಮ್ಮನ್ನು ಕೊಲ್ಲುತ್ತಿದ್ದಾಳೆ ಎಂದ.

ಫಕೀರವ್ವ ಅದನ್ನು ಅಲ್ಲಗಳೆಯಲಿಲ್ಲ. "ಹೌದು, ನನ್ನ ತವರ ಐತಿ" ಎಂದಳು. "ಅದರಾಚಿ ಊರು ಮತ್ತೊಬ್ಬಾಕಿ ತವರು. ನಿಮ್ಮ ಮನಿಯಾಗ ಇರೂ ಸೊಸೆದೇರ ತವರೂರು ಎಲ್ಲಿ ಅದಾವ, ಕೇಳಿ ಬರ್ರಿ."

ಯಾರೂ ಕೇಳಿ ಬರಲು ಹೋಗಲಿಲ್ಲ. ಆದರೆ ಗುಂಪಿನ ಹಿಂದೆ ನಿಂತಿದ್ದ ಹೆಂಗಸರು ಒಬ್ಬೊಬ್ಬರೇ ಮನೆಯ ಕಡೆ ತಿರುಗಿದರು, ಆಮೇಲೆ ಗಂಡಸರೂ ಹೋದರು. ಸೋಮಪ್ಪ ಚಪ್ಪರದ ಕಂಬ ಹಿಡಿದು ಕೂತುಬಿಟ್ಟ. ಕೂಸು ಉಳಿಯಲಿಲ್ಲ. ಇಲ್ಲಿ ಪವಾಡ ನಡೆಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮರುದಿನ ಬೆಳಿಗ್ಗೆ ಫಕೀರವ್ವ ತನ್ನ ಕೂಸಿನ ಕುಂಚಿಗೆಯನ್ನು ತಂದು, ಶಿವಗಂಗೆಯ ಕೂಸಿನ ಕುಂಚಿಗೆಯ ಪಕ್ಕಕ್ಕೆ ಕಟ್ಟಿದಳು. ಬಂಡಿಗೆ ಕಟ್ಟಿದ ಕೊನೆಯ ವಸ್ತು ಅದು. ಬೇನೆ ಬೆಣಚಿನಹಾಳದಲ್ಲೇ ಉರಿದು ಆರಿತು. ಗುಳಗಟ್ಟಿಯಲ್ಲಿ ಆ ವರ್ಷ ಒಂದು ಮಗುವಿಗೂ ಅಮ್ಮ ಬರಲಿಲ್ಲ.

ಫಕೀರವ್ವನಿಗೆ ಮುಂದೆ ಮಕ್ಕಳಾದರು, ಈಗಿನ ಮದ್ದಿನವರು ಅವರ ಸಂತತಿ. ಕಡಾಣಿ ಆ ಮನೆಯಲ್ಲಿ ಅತ್ತೆಯಿಂದ ಸೊಸೆಗೆ ಹೋಗುತ್ತದೆ. ಹೊರಗಿನ ಊರಿಂದ ಬಂದವಳ ಕೈಯಲ್ಲೇ ಅದು ಇರಬೇಕೆಂದು ಕಟ್ಟಳೆ. ಗಂಡುಮಕ್ಕಳು ಅದನ್ನು ಮುಟ್ಟುವುದಿಲ್ಲ, ತಮ್ಮ ಸ್ವಂತ ಬಂಡಿಗೂ ಕಡಾಣಿಯನ್ನು ಬೇರೆಯವರ ಕೈಯಿಂದಲೇ ಹಾಕಿಸಿಕೊಳ್ಳುತ್ತಾರೆ. ರಸ್ತೆಯವರು, ಗಾಳಿಯಂತ್ರದವರು ಬಂದು ಹೊಲ ಕೇಳಿದಾಗ ಈಗಿನ ಸೊಸೆ ಹಾಲವ್ವ ಕಡಾಣಿಯನ್ನು ಮಡಿಲಲ್ಲಿಟ್ಟುಕೊಂಡು ಬೇವಿನ ಬುಡದಲ್ಲಿ ಕೂತಳು, ಅವರು ಬೇರೆ ದಾರಿ ನೋಡಿಕೊಂಡರು. ಬೇನೆಯವರು ಇಂದಿಗೂ ಬರುತ್ತಾರೆ. ದವಾಖಾನೆಗೆ ಹೋಗಬೇಕಾದವರನ್ನು ಹಾಲವ್ವ ಗದರಿಸಿ ದವಾಖಾನೆಗೇ ಅಟ್ಟುತ್ತಾಳೆ, ಅದೂ ಅಂಬಲಿ ಕುಡಿಸಿದ ಮೇಲೆ.

ಮರದ ಬಂಡಿ ಮಣ್ಣಾದ ಮೇಲೆ ಕಲ್ಲಿನ ಬಂಡಿ ಮಾಡಿಸಿದವನು ಸೋಮಪ್ಪ. ಅಂದು ಕೈಚಾಚಿದ್ದನ್ನು ಅವನು ಸಾಯುವವರೆಗೂ ಮರೆಯಲಿಲ್ಲವಂತೆ. ನೋಡಲು ಹೋದವರಿಗೆ ಬಂಡಿಯ ಮೈಮೇಲೆ ಸಾಲಾಗಿ ಕೆತ್ತಿದ ಬಳೆ, ಅಂಗಿ, ಉಡಿದಾರ ಕಾಣುತ್ತವೆ. ಕೊನೆಯಲ್ಲಿ ಎರಡು ಕುಂಚಿಗೆಗಳಿವೆ, ಒಂದರ ಅಂಚಿಗೆ ಮಣಿಗಳಿವೆ. ಅಲ್ಲಿಂದಾಚೆ ಬಂಡಿಯ ಅರ್ಧ ಮೈ ಬೋಳು. ಅಲ್ಲಿ ಏನು ಕೆತ್ತಲಿ ಎಂದು ಕಲ್ಲುಕುಟಿಗ ಕೇಳಿದಾಗ, ಬಂಡಿ ದಾಟಿದ್ದರೆ ಅದು ಮುಂದಿನ ಊರುಗಳವರು ಕಟ್ಟುವ ಜಾಗ, ಹಾಗೇ ಬಿಡು ಎಂದು ಫಕೀರವ್ವ ಹೇಳಿದಳು ಎನ್ನುತ್ತಾರೆ. ಗುಳಗಟ್ಟಿಯವರೂ ಅದರಾಚೆಯ ಊರುಗಳವರೂ ಮನೆಯಲ್ಲಿ ಕೂಸು ಹುಟ್ಟಿದರೆ ಇಂದಿಗೂ ಈ ದಿಬ್ಬಕ್ಕೆ ತರುತ್ತಾರೆ. ಕುಂಚಿಗೆ ಬಿಚ್ಚಿ, ಆ ಬೋಳು ಕಲ್ಲಿನ ಮೇಲೆ ಕೂಸನ್ನು ಒಂದು ಗಳಿಗೆ ಮಲಗಿಸಿ, ಅದು ಅತ್ತ ಕೂಡಲೇ ಎತ್ತಿಕೊಂಡು ಹೋಗುತ್ತಾರೆ.