ತುಕ್ಕು ಹಿಡಿದ ಎರಡು ನಟ್ಟುಗಳು

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ನನ್ನಿಂದ ಒಬ್ಬರಿಗೆ ಅನ್ಯಾಯವಾಯಿತು. ತಪ್ಪು ಒಪ್ಪಿಕೊಂಡೆ, ತಿದ್ದಿಕೊಂಡೆ. ಆದರೂ ಅವರ ಮನಸ್ಸು ಕರಗುತ್ತಿಲ್ಲ. ನಾನು ಇನ್ನೇನು ಮಾಡಬೇಕು?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನ ಕೊಟ್ಟಿಗೆಯಲ್ಲಿ ಮೇವು ಕತ್ತರಿಸುವ ಯಂತ್ರವಿತ್ತು. ಕೂಲಿಯ ಹೆಂಗಸೊಬ್ಬಳು ದಿನವೂ ಅದಕ್ಕೆ ಜೋಳದ ದಂಟು ಕೊಡುತ್ತಿದ್ದಳು. ಕೈ ಒಳಗೆ ಹೋಗದಂತೆ ಯಂತ್ರದ ಬಾಯಿಗೆ ಒಂದು ತಗಡಿನ ತಡೆ ಇತ್ತು. ಒಮ್ಮೆ ಅದು ಮುರಿಯಿತು. ರೈತ ಹೊಸದನ್ನು ತಂದ. ಆದರೆ ಮುರಿದ ತುಂಡನ್ನು ಹಿಡಿದಿದ್ದ ಎರಡು ನಟ್ಟುಗಳಿಗೆ ತುಕ್ಕು ಹಿಡಿದಿತ್ತು. ಸ್ಪ್ಯಾನರ್ ಹಾಕಿ ಒಮ್ಮೆ ತಿರುಗಿಸಿದ. ಕದಲಲಿಲ್ಲ. ಹೊಸ ತಡೆಯನ್ನು ಗೋಡೆಗೆ ಒರಗಿಸಿಟ್ಟು ಹೊರಟುಹೋದ.

“ಯಜಮಾನರೇ, ಅದೊಂದು ಹಾಕಿಸಿಬಿಡಿ. ಭಯವಾಗುತ್ತದೆ” ಎಂದು ಹೆಂಗಸು ಹೇಳಿದಳು.

“ಜೋರು ಮಾಡಿದರೆ ಬೋಲ್ಟೇ ಮುರಿದೀತು. ಬಿಡುವಾದಾಗ ನೋಡೋಣ. ನೀನು ಜೋಪಾನವಾಗಿರು” ಎಂದ ರೈತ.

ಅವಳು ಮತ್ತೆರಡು ಸಲ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಶ್ರಾವಣದ ಒಂದು ಬೆಳಿಗ್ಗೆ ದಂಟಿನ ಜೊತೆ ಅವಳ ಬಲಗೈಯೂ ಒಳಗೆ ಹೋಯಿತು. ಮಣಿಕಟ್ಟಿನಿಂದ ಮುಂದಕ್ಕೆ ಏನೂ ಉಳಿಯಲಿಲ್ಲ.

ರೈತ ಕೆಟ್ಟವನಲ್ಲ. ತಾನೇ ಅವಳನ್ನು ಆಸ್ಪತ್ರೆಗೆ ಹೊತ್ತೊಯ್ದ. ಎರಡು ದಿನ ಬಾಗಿಲಲ್ಲೇ ಕುಳಿತಿದ್ದ. ಮೂರನೆಯ ಬೆಳಿಗ್ಗೆ ಮನೆಗೆ ಬಂದವನೇ ಯಂತ್ರದ ಮುಂದೆ ಕುಳಿತ. ತಂತಿಯ ಬ್ರಷ್ಷಿನಿಂದ ತುಕ್ಕು ಉಜ್ಜಿದ. ನಟ್ಟಿನ ಬುಡಕ್ಕೆ ಸೀಮೆಎಣ್ಣೆ ಹನಿಸಿ, ಅದು ಇಳಿಯುವವರೆಗೆ ಕಾದ. ಸುತ್ತಲೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಮತ್ತೆ ಹನಿಸಿದ, ಮತ್ತೆ ಕಾದ. ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ ತಿರುಗಿಸಿದ. ಮಧ್ಯಾಹ್ನದ ಹೊತ್ತಿಗೆ ನಟ್ಟು ಕಿರ್ರೆಂದು ಸಡಿಲಿತು. ಎರಡನೆಯದಕ್ಕೆ ಅಷ್ಟೂ ಕಷ್ಟವಾಗಲಿಲ್ಲ. ಬೋಲ್ಟು ಮುರಿಯಲಿಲ್ಲ. ಎರಡು ನಟ್ಟುಗಳನ್ನೂ ಅಂಗೈಯಲ್ಲಿಟ್ಟುಕೊಂಡು ಅವನು ಬಹಳ ಹೊತ್ತು ಅತ್ತ.

ಗಾಯ ಮಾಗಿದ ಮೇಲೆ ಅವಳನ್ನು ಕರೆತಂದು ತೋರಿಸಿದ. “ನೋಡು ತಾಯಿ, ತಡೆ ಹಾಕಿದ್ದೇನೆ. ಇನ್ನು ಯಾರಿಗೂ ಹೀಗಾಗುವುದಿಲ್ಲ. ನನ್ನದು ತಪ್ಪಾಯಿತು.”

ಅವಳು ತಡೆಯನ್ನು ನೋಡಿದಳು. “ಎಷ್ಟು ಹೊತ್ತು ಹಿಡಿಯಿತು?” ಎಂದು ಕೇಳಿದಳು.

ಅವನು ಸುಳ್ಳು ಹೇಳಲಿಲ್ಲ. “ಅರ್ಧ ದಿನ” ಎಂದ.

ಅವಳು ಹೊರಟುಹೋದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ ಕೇಳಿದ: “ಕೊನೆಗಾದರೂ ಅವಳು ಅವನನ್ನು ಕ್ಷಮಿಸಿದಳೇ?”

ಗುರುಗಳು ಅವನ ಮುಖ ನೋಡಿದರು. “ಅವಳು ಎಡಗೈಯಲ್ಲಿ ಅನ್ನ ಕಲಸುವುದನ್ನು ಕಲಿತಳೇ ಎಂದು ನೀನೂ ಕೇಳಲಿಲ್ಲ.”