ನಿಲ್ಲದ ಎರಡು ಕೈ

ಹಿರಿಯೂರಿನಲ್ಲಿ ಸೀರೆಗೆ ಕುಚ್ಚು ಕಟ್ಟುವ ಹೆಂಗಸರದ್ದೊಂದು ಕಥೆ ಬಳಗ ಇತ್ತು. ಗುರುವಾರ ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು ಎಲ್ಲರೂ ಚೂಡಾಮಣಿಯಮ್ಮನ ಮನೆಗೆ ಬರುತ್ತಿದ್ದರು. ಬರೆದದ್ದನ್ನು ಅಲ್ಲೇ ಓದುತ್ತಿದ್ದರು, ಅಲ್ಲೇ ತಿದ್ದುತ್ತಿದ್ದರು. ವರ್ಷಕ್ಕೊಮ್ಮೆ ತಾವೇ ಪುಸ್ತಕ ಮಾಡಿಸಿ ತಾವೇ ಮಾರುತ್ತಿದ್ದರು. ದೊಡ್ಡ ಊರಿನ ಪ್ರಕಾಶಕರನ್ನು ಕಾಯುತ್ತಾ ಕೂತರೆ ತಲೆ ನರೆತುಹೋಗುತ್ತದೆ ಎಂದು ಚೂಡಾಮಣಿಯಮ್ಮ ಎಂದೋ ತೀರ್ಮಾನ ಮಾಡಿದ್ದರು.

ಬಳಗಕ್ಕೆ ಒಂದು ಪದ್ಧತಿ. ಬರೆದವಳು ತನ್ನ ಕಥೆಯನ್ನು ತಾನೇ ಓದುವಂತಿಲ್ಲ, ಬೇರೆಯವಳು ಓದಬೇಕು. ಉಳಿದವರು ಕುಚ್ಚು ಕಟ್ಟುತ್ತಾ ಕೇಳಬೇಕು. ಕೇಳುವವರ ಕೈ ತಾನಾಗಿ ನಿಂತರೆ ಕಥೆ ಪುಸ್ತಕಕ್ಕೆ, ನಿಲ್ಲದಿದ್ದರೆ ಮನೆಗೆ. ಬಾಯಿ ಮುಲಾಜಿಗೆ ಬಿದ್ದು ಚೆನ್ನಾಗಿದೆ ಅಂದೀತು. ಕೈಗೆ ಎಲ್ಲಿಯ ಮುಲಾಜು!

ವಿಶಾಲಾಕ್ಷಿಯ ಕಥೆಗೆ ಮಾತ್ರ ಒಮ್ಮೆಯೂ ಕೈ ನಿಂತಿರಲಿಲ್ಲ. ಪಾಪ, ರಾಜಕುಮಾರಿಯ ಕಥೆ ಬರೆದಳು. ಪತ್ತೇದಾರಿ ಬರೆದಳು. ಕೊನೆಗೆ ದೆವ್ವವನ್ನೂ ಕರೆತಂದಳು. ದೆವ್ವ ಬಂದಾಗಲೂ ಕುಚ್ಚು ಸಲೀಸಾಗಿ ಸಾಗಿತ್ತು. ಪುಸ್ತಕ ಬಂದಾಗಲೆಲ್ಲ ಅವಳು ಮೊದಲು ಹೆಸರುಗಳ ಪುಟ ತೆರೆಯುತ್ತಿದ್ದಳು. ತನ್ನ ಹೆಸರಿಲ್ಲ ಎಂದು ಗೊತ್ತಿದ್ದೂ ಹುಡುಕುತ್ತಿದ್ದಳು. ಒಂದು ಸಲ, ಒಂದೇ ಒಂದು ಸಲ ಅಲ್ಲಿ ತನ್ನ ಹೆಸರು ಕಾಣಬೇಕು ಎಂದು ಅವಳ ಜೀವ ಹಂಬಲಿಸುತ್ತಿತ್ತು.

ಅವಳಿಗೆ ಸರ್ವಮಂಗಳ ಎಂಬ ಜೀವದ ಗೆಳತಿ. ಪಕ್ಕದ ಮನೆಯವಳು, ಬಳಗದವಳೂ ಹೌದು. ಒಂದು ದಿನ ಇಬ್ಬರೂ ಒಂದೇ ಸೀರೆಯ ಸೆರಗು ಹಿಡಿದು ಕೂತಿದ್ದಾಗ ಮಂಗಳ ಮೆಲ್ಲಗೆ ಬಾಯಿಬಿಟ್ಟಳು.

"ಈ ಊರಲ್ಲಿ ಯಾರಿಗೂ ಹೇಳಿಲ್ಲ ಕಣೇ ವಿಶಾಲು. ನನ್ನ ಮದುವೆ ದಿನ, ಗೊತ್ತು ಮಾಡಿದ್ದ ಗಂಡು ಮುಹೂರ್ತಕ್ಕೆ ಮುಂಚೆನೇ ಓಡಿಹೋದ. ಹಸೆಮಣೆ ಖಾಲಿ. ಅವನ ಚಿಕ್ಕಪ್ಪನ ಮಗನನ್ನ ರಟ್ಟೆ ಹಿಡ್ಕೊಂಡು ಬಂದು ಕೂರಿಸಿದ್ರು. ಅವರೇ ಈಗ ನಮ್ಮ ಮನೆಯವರು."

ಅಷ್ಟರಲ್ಲಿ ಕುಕ್ಕರ್ ಕೂಗಿತು. ಮಂಗಳ ಎದ್ದು ಹೋದಳು. ಮಾತು ಅಲ್ಲಿಗೇ ನಿಂತಿತು. ವಿಶಾಲಾಕ್ಷಿಯ ಕೈಯೂ ನಿಂತಿತ್ತು.

ಅಯ್ಯೋ, ಕಥೆ ಅಂದರೆ ಇದು! ಅವಳು ಆ ವಾರವೇ ಬರೆದಳು. ಹೆಸರು ಬದಲಾಯಿಸಿದಳು, ಊರು ಬದಲಾಯಿಸಿದಳು. ಮದುಮಗಳನ್ನು ಬಿಕ್ಕಿಬಿಕ್ಕಿ ಅಳಿಸಿದಳು. ಬದಲಿಗೆ ಬಂದು ಕೂತವನನ್ನು ಗತಿಯಿಲ್ಲದೆ ಕಟ್ಟಿಕೊಂಡ ಗಂಡ ಎಂದು ಬರೆದಳು. ನಡುವೆ ಒಮ್ಮೆ ಮಂಗಳನನ್ನು ಕೇಳಬೇಕು ಅನ್ನಿಸಿತ್ತು. ಕೇಳಿದರೆ ಬೇಡ ಅಂದುಬಿಟ್ಟರೆ? ಅದಕ್ಕೇ ಕೇಳಲಿಲ್ಲ.

ಗುರುವಾರ ಚೂಡಾಮಣಿಯಮ್ಮನೇ ಆ ಕಥೆ ಓದಿದರು. ಹಸೆಮಣೆ ಖಾಲಿಯಾಯಿತು ಅನ್ನುವಷ್ಟರಲ್ಲಿ ಒಬ್ಬಳ ಕೈ ನಿಂತಿತು. ಆಮೇಲೆ ಇನ್ನೊಬ್ಬಳದು. ನೋಡುತ್ತಿದ್ದಂತೆ ಇಡೀ ಮನೆ ಗಪ್‌ಚಿಪ್. ವಿಶಾಲಾಕ್ಷಿಯ ಎದೆ ಉಬ್ಬಿ ಬಂತು. ಗೆದ್ದೆ ಎಂದುಕೊಂಡು ಸುತ್ತ ನೋಡಿದಳು.

ಎರಡು ಕೈ ಮಾತ್ರ ನಿಂತಿರಲಿಲ್ಲ. ಮಂಗಳ ತಲೆ ಬಗ್ಗಿಸಿ ದಾರದ ಮೇಲೆ ದಾರ ಗಂಟು ಹಾಕುತ್ತಲೇ ಇದ್ದಳು. ಕುಚ್ಚು ಸೊಟ್ಟಗಾಗಿತ್ತು. ಅವಳಿಗೆ ಅದು ಕಾಣುತ್ತಲೇ ಇರಲಿಲ್ಲ.

"ಕೈ ನಿಂತವು ಕಣಮ್ಮ, ಕಥೆ ಪುಸ್ತಕಕ್ಕೆ!" ಎಂದರು ಚೂಡಾಮಣಿಯಮ್ಮ. ಎಲ್ಲರೂ ವಿಶಾಲಾಕ್ಷಿಯ ಬೆನ್ನು ತಟ್ಟಿದರು. ಅವಳಿಗೆ ನಗಲು ಆಗಲಿಲ್ಲ.

ದಾರಿಯಲ್ಲಿ ಓಡಿಹೋಗಿ ಗೆಳತಿಯನ್ನು ಹಿಡಿದಳು. "ಹೆಸರೆಲ್ಲ ಬದಲಾಯಿಸಿದ್ದೀನಲ್ಲೇ. ಯಾರಿಗೆ ಗೊತ್ತಾಗುತ್ತೆ?"

"ನಮ್ಮ ಮನೆಯವರು ಈ ಪುಸ್ತಕ ಮೊದಲಿಂದ ಕೊನೆವರೆಗೂ ಓದ್ತಾರೆ," ಎಂದಳು ಮಂಗಳ. "ಗತಿಯಿಲ್ಲದೆ ಕಟ್ಟಿಕೊಂಡ ಗಂಡ ಅಂತ ಅವರು ಅಚ್ಚಲ್ಲಿ ಓದಬೇಕಾ? ನಾನೇ ಹಾಗೆ ಹೇಳಿಕೊಂಡು ತಿರುಗ್ತೀನಿ ಅಂದ್ಕೊಳ್ಳಲ್ವಾ? ನಿನ್ನನ್ನ ನಂಬಿ ಹೇಳಿದ್ದೆ ಕಣೇ." ಅಷ್ಟೇ ಹೇಳಿ ಮನೆಯೊಳಗೆ ಹೋದಳು.

ವಿಶಾಲಾಕ್ಷಿಗೆ ಆ ದಿನ ಅನ್ನ ಸೇರಲಿಲ್ಲ. ಅಚ್ಚಿಗೆ ಕೊಟ್ಟರೆ ಹೆಸರು ಬರುತ್ತದೆ, ಗೆಳತಿ ಹೋಗುತ್ತಾಳೆ. ಇಷ್ಟು ವರ್ಷ ಕಾದ ಹೆಸರು, ಬಿಡುವುದು ಸುಲಭವೇ? ಆದರೂ ಮಾರನೆಯ ದಿನ ಚೂಡಾಮಣಿಯಮ್ಮನ ಮನೆಗೆ ಹೋದಳು. ಅಲ್ಲಿ ಮೂರ್ನಾಲ್ಕು ಜನ ಕೂತು ಪ್ರೆಸ್ಸಿಗೆ ಕೊಡುವ ಕಥೆಗಳನ್ನು ಜೋಡಿಸುತ್ತಿದ್ದರು. ಮಂಗಳ ಬಂದಿರಲಿಲ್ಲ.

"ನನ್ನ ಕಥೆ ತೆಗೆದುಬಿಡಿ ಅಮ್ಮ. ಅದು ನನ್ನದಲ್ಲ."

"ನಿನ್ನದಲ್ಲ ಅಂದ್ರೆ?" ಚೂಡಾಮಣಿಯಮ್ಮನ ಹುಬ್ಬು ಗಂಟಾಯಿತು. "ಯಾವುದಾದ್ರೂ ಪತ್ರಿಕೆಯಿಂದ ಕದ್ದೆಯೇನೇ?"

ಒಂದು ಮಾತು ಸಾಕಿತ್ತು, ಅವಳ ಮಾನ ಉಳಿಯುತ್ತಿತ್ತು. ಆ ಮಾತು ಆಡಿದರೆ ಮಂಗಳನ ಗುಟ್ಟು ಬೀದಿಗೆ ಬರುತ್ತಿತ್ತು. ವಿಶಾಲಾಕ್ಷಿ ತಲೆ ತಗ್ಗಿಸಿ ನಿಂತಳು.

"ಛೆ! ನಿನ್ನಿಂದ ಇದನ್ನ ಅಂದುಕೊಂಡಿರಲಿಲ್ಲ," ಎಂದರು ಚೂಡಾಮಣಿಯಮ್ಮ. ಪುಸ್ತಕ ಅವಳ ಹೆಸರಿಲ್ಲದೆ ಬಂತು.

ಆಮೇಲಿನ ಗುರುವಾರಗಳಲ್ಲಿ ಅವಳು ಬಾಗಿಲ ಹತ್ತಿರ ಕೂರುತ್ತಿದ್ದಳು. ಓದಲು ಅವಳ ಕೈಗೆ ಯಾರೂ ಕಥೆ ಕೊಡುತ್ತಿರಲಿಲ್ಲ. ಯಾಕೆ ಎಂದು ಮಂಗಳನಿಗೆ ತಡವಾಗಿ ಗೊತ್ತಾಯಿತು. ಗೊತ್ತಾದ ಕೂಡಲೇ ಕೈಯಲ್ಲಿದ್ದ ಸೀರೆ ಬಿಸಾಕಿ ಪಕ್ಕದ ಮನೆಗೆ ಓಡಿಬಂದಳು.

"ಕಳ್ಳಿ ಅನ್ನಿಸಿಕೊಂಡು ಯಾಕೆ ಸುಮ್ಮನಿದ್ದೆ?"

"ನಾನು ಒಂದು ಸಲ ಬಾಯಿಬಿಟ್ಟು ಮಾಡಿದ್ದೇ ಸಾಕು ಕಣೇ," ಎಂದಳು ವಿಶಾಲಾಕ್ಷಿ. ಇಬ್ಬರೂ ಅತ್ತರು.

ಮುಂದಿನ ಗುರುವಾರ ಮಂಗಳ ಒಂದು ಕಥೆ ಬರೆದು ತಂದಳು. "ಇದನ್ನ ವಿಶಾಲುನೇ ಓದಬೇಕು," ಎಂದು ಹಟ ಹಿಡಿದಳು. ವಿಶಾಲಾಕ್ಷಿ ಹಾಳೆ ಹಿಡಿದು ಓದಲು ತೊಡಗಿದಳು. ಅದೇ ಮದುವೆ. ಅದೇ ಖಾಲಿ ಹಸೆಮಣೆ. ಆದರೆ ಇಲ್ಲಿ ಮದುಮಗಳು ಅಳಲಿಲ್ಲ. ಬದಲಿಗೆ ಬಂದು ಕೂತ ಹುಡುಗ, ಅಂತರಪಟದ ಆಚೆಯಿಂದ ಅವಳಿಗೊಬ್ಬಳಿಗೇ ಕೇಳುವಂತೆ ಅಂದಿದ್ದ: "ನಿಮಗೆ ಒಪ್ಪಿಗೆ ಇದ್ದರೆ ಮಾತ್ರ. ಇಲ್ಲ ಅಂದರೆ ಹೇಳಿ, ನಾನೇ ಎದ್ದು ಹೋಗ್ತೀನಿ. ಮಾತು ನನ್ನ ಮೇಲೆ ಬರಲಿ." ಅಷ್ಟು ಜನ ತುಂಬಿದ್ದ ಮಂಟಪದಲ್ಲಿ ಅವಳನ್ನು ಒಂದು ಮಾತು ಕೇಳಿದವನು ಅವನೊಬ್ಬನೇ.

ವಿಶಾಲಾಕ್ಷಿ ಓದಿ ಮುಗಿಸಿದಳು. ತಾನು ಕೇಳಲಿಲ್ಲ. ಕೇಳಿದ್ದರೆ ಇದೂ ಸಿಗುತ್ತಿತ್ತು. ತಲೆ ಎತ್ತಿದರೆ ಎಲ್ಲರ ಕೈಯೂ ನಿಂತಿತ್ತು. ಈ ಸಲ ಮಂಗಳನದೂ.

"ವಿಶಾಲು ಹಿಂದಕ್ಕೆ ತಗೊಂಡದ್ದು ಇದೇ ಕಥೆ," ಎಂದಳು ಮಂಗಳ. "ಪತ್ರಿಕೆಯದ್ದಲ್ಲ, ನನ್ನದು. ನನ್ನ ಮಾನ ಕಾಯೋಕೆ ಅವಳು ಕಳ್ಳಿ ಅನ್ನಿಸಿಕೊಂಡಳು."

ಚೂಡಾಮಣಿಯಮ್ಮ ಎದ್ದು ಬಂದು ವಿಶಾಲಾಕ್ಷಿಯ ಕೆನ್ನೆ ಸವರಿದರು. "ನಾನು ದುಡುಕಿದೆ ಕಣೇ ಮಗಳೇ," ಎಂದರು. ಆಮೇಲೆ ಮಂಗಳನ ಕಡೆ ತಿರುಗಿ, "ಅಲ್ಲಮ್ಮ, ನಿಮ್ಮ ಯಜಮಾನರು ಇದನ್ನ ಓದಿದರೆ?" ಎಂದು ಕೇಳಿದರು.

ಮಂಗಳ ನಕ್ಕಳು. "ಅವರನ್ನ ಕೇಳಿಯೇ ಬರೆದೆ ಅಮ್ಮ. 'ಬರಿ, ಆದರೆ ನನ್ನ ಹೆಸರು ಮಾತ್ರ ಬದಲಾಯಿಸಬೇಡ' ಅಂದ್ರು."

ನೀತಿ: ನಂಬಿ ಹೇಳಿದ ಮಾತಿಗೆ ಹೇಳಿದವರೇ ಒಡೆಯರು. ಅದನ್ನು ನಾಲ್ಕು ಜನರ ಮುಂದೆ ಇಡುವ ಮೊದಲು ಅವರನ್ನು ಒಂದು ಮಾತು ಕೇಳಿ. ಕೇಳದೆ ಎತ್ತಿಕೊಂಡವರಿಗೆ ಸಿಗುವುದು ಅರ್ಧ ಕಥೆ, ಕಳೆದುಹೋಗುವುದು ಇಡೀ ಗೆಳತಿ.