ಹಾಲೇಶನೂ ಹೊಗೆ ಕಂಡ್ರೆ ಕೂಗೋ ಡಬ್ಬಿಯೂ

ಕೇಳ್ರಪ್ಪಾ, ಹೂಂಗುಟ್ಟೋರು ಈಗ್ಲೇ ಹೂಂಗುಟ್ರಿ, ನಗೋರು ಆಮೇಲೆ ನಗ್ರಿ.

ದಾವಣಗೆರೆಯ ಒಂದು ಓಣೀಲಿ ಕೊಟ್ರಮ್ಮ ಅಂತ ಇದ್ಲು. ವಠಾರದ ಮೂರು ಮನೆ ಬಾಡಿಗೆಗೆ ಬಿಟ್ಟಿದ್ಲು. ಅವಳ ಮಗ ಹಾಲೇಶ. ವಯಸ್ಸು ಮೂವತ್ತು, ಬುದ್ಧಿ ಮೂರು!

ಹಿಂದಿನ ಓಣೀಲಿ ಬಾಡಿಗೆಗಿದ್ದ ಗಂಡ-ಹೆಂಡ್ತಿ, ರಾತ್ರಿ ಮನೆಗೆ ಬೆಂಕಿ ಬಿದ್ದು, ಮಲಗಿದ್ದಲ್ಲೇ ಹೊಗೆ ಕುಡಿದು ಸತ್ರು. ಕೊಟ್ರಮ್ಮನ ವಠಾರದಲ್ಲೂ ಬಾಣಂತಿ ಸರ್ವಮಂಗಳ ಇದ್ಲು, ಇಪ್ಪತ್ತು ದಿನದ ಕೂಸಿತ್ತು. "ಬಾಡಿಗೆ ತಗೊಂಡ ಮೇಲೆ ಜೀವಕ್ಕೂ ನಾನೇ ಹೊಣೆ" ಅಂದು ಹೊಗೆ ತಾಗಿದ್ರೆ ಕೂಗೋ ಮೂರು ಸ್ಮೋಕ್ ಅಲಾರಂ ಡಬ್ಬಿ ತಂದು ಮಗನ ಕೈಗಿಟ್ಲು.

"ಎತ್ತರಕ್ಕೆ ಹಾಕೋ, ಹೊಗೆ ಮೇಲಕ್ಕೆ ಹೋಗುತ್ತೆ!"

ಹಾಕಿದ. ತಾರಸಿ ಮೇಲಿನ ನೀರಿನ ಟ್ಯಾಂಕಿಗೆ!

"ಅಯ್ಯೋ ನನ್ನ ಕರ್ಮವೇ! ಜನ ಮಲಗೋ ಕಡೆ ಹಾಕೋ!"

ಹಾಕಿದ. ಇನ್ನೊಂದು ಮನೇಲಿದ್ದ ಲಾರಿ ಡ್ರೈವರ್ ಫಕೀರಪ್ಪ ಮಧ್ಯಾಹ್ನ ಮಲಗ್ತಿದ್ದ ಕಟ್ಟೆ ಮೇಲಿನ ಬೇವಿನ ಕೊಂಬೆಗೆ!

"ನಿನ್ನ ಬದಲು ಒಂದು ಒನಕೆ ಹೆತ್ತಿದ್ರೆ ಭತ್ತನಾದ್ರೂ ಕುಟ್ತಿದ್ದೆ! ಮನೆ ಒಳಗೆ, ಮಲಗೋ ಕೋಣೆ ಸೂರಿಗೆ!"

ಈ ಸಲ ಸರಿಯಾಗಿ ಹಾಕಿದ.

"ಕೂಗಿದ್ರೆ ಏನ್ ಮಾಡ್ಲವ್ವಾ?"

"ಒಳಗಿದ್ದೋರನ್ನ ಹೊರಗೆ ತಾ. ಅದನ್ನೂ ಹೇಳ್ಬೇಕೇನೋ?"

ಬಾಣಂತಿಗೆ ದಿನಾ ಎಣ್ಣೆ ನೀರು ಹಾಕಿ, ಮಂಚದ ಪಕ್ಕ ಕೆಂಡಕ್ಕೆ ಲೋಬಾನ ಉದುರಿಸಿ ಹೊಗೆ ಕೊಡ್ತಾರಲ್ಲ? ದಿನಾ ಡಬ್ಬಿ ಕೂಗೋದು. ದಿನಾ ಹಾಲೇಶ ಓಡೋದು. ಬಾಣಂತಿ, ಕೂಸು, ಮಂಚ, ಎಲ್ಲಾ ಅಂಗಳಕ್ಕೆ!

"ಲೋಬಾನದ ಹೊಗೆ ಕಣೋ ಪೆದ್ದಾ!" ಅಂತ ಕೊಟ್ರಮ್ಮ ಬೈಯೋಳು.

"ಕೂಗ್ತಲ್ಲವ್ವಾ!" ಅನ್ನೋನು.

ಐದನೇ ದಿನ ಮತ್ತೆ ಕೂಗ್ತು. "ದಿನದ್ದೇ ಗೋಳು" ಅಂತ ಯಾರೂ ಏಳಲಿಲ್ಲ. ಹಾಲೇಶ ಓಡಿದ. ಬಾಣಂತಿ, ಕೂಸು ಸಮೇತ ಮಂಚ ಅಂಗಳಕ್ಕೆ ಬಂತು. ಕೊಟ್ರಮ್ಮ ಬೈಯೋಕೆ ಬಾಯಿ ತೆಗೆದೋಳು "ಬೆಂಕಿ! ಬೆಂಕಿ!" ಅಂತ ಚೀರಿದ್ಲು. ಕಿಟಕಿಯಿಂದ ಕಪ್ಪು ಹೊಗೆ ಬರ್ತಿತ್ತು. ಕೆಂಡ ಸಿಡಿದು ಮೂಲೇಲಿದ್ದ ಕೌದಿ ಹತ್ಕೊಂಡು ಉರೀತಿತ್ತು.

ಎಲ್ಲಾ ಸೇರಿ ಕೊಡ ಕೊಡ ನೀರು ಸುರಿದು ಆರಿಸಿದ್ರು. ಕೊಟ್ರಮ್ಮ ಕೂಸನ್ನ ಅವಚಿಕೊಂಡು ಅತ್ತೇ ಬಿಟ್ಲು. ಮಗನ ತಲೆ ಸವರಿ, "ಆ ಡಬ್ಬಿಗೆ ದೇವ್ರಂಗೆ ಪೂಜೆ ಮಾಡ್ಬೇಕು ಕಣಪ್ಪಾ" ಅಂದ್ಲು.

ಮಾರನೇ ಬೆಳಿಗ್ಗೆ ಹಾಲೇಶ ಮಿಂದು ಮಡಿಯುಟ್ಟು, ಖಾಲಿ ಬಿದ್ದಿದ್ದ ಆ ಸುಟ್ಟ ಕೋಣೇಲಿ ಏಣಿ ಹತ್ತಿದ. ಡಬ್ಬಿಗೆ ವಿಭೂತಿ ಹಚ್ಚಿದ, ಹೂ ಸಿಗಿಸಿದ. ಒಂದು ಹಿಡಿ ಊದುಬತ್ತಿ ಹಚ್ಚಿ, ಕರ್ಪೂರ ಬೆಳಗಿದ.

ಕುಂಯ್! ಕುಂಯ್! ಕುಂಯ್!

ಫಕೀರಪ್ಪ ಅರ್ಧ ಗಡ್ಡ ಬೋಳಿಸ್ಕೊಂಡೇ ಓಡಿ ಬಂದ. ಸರ್ವಮಂಗಳ ಪಕ್ಕದ ಮನೆಯಿಂದ ಕೂಸು ಎತ್ಕೊಂಡು ಬಂದ್ಲು. ಈ ಸಲ ಗೊಣಗಿದೋರು ಒಬ್ರೂ ಇಲ್ಲ. ಕೊಟ್ರಮ್ಮ ತಲೆ ಎಣಿಸಿದ್ಲು. ಒಬ್ಬನೇ ಕಮ್ಮಿ!

ಅಷ್ಟರಲ್ಲಿ ಒಳಗಿಂದ ಹಾಲೇಶ ಕೂಗಿದ:

"ಎಲ್ಲಿ ಹೋದ್ರೀ ಎಲ್ಲಾ? ಮಂಗಳಾರತಿ ತಗೊಳ್ಳೋಕೆ ಬರ್ರೀ!"